ಪೂಜೆಗಿಟ್ಟ ಸ್ಪ್ಯಾನರುಗಳು

ಸಿಂಚನಾ, ತೇಜಸ್, ಹೋದ ಭಾನುವಾರ ಊಟದ ನಡುವೆ ನಾನು ತಟ್ಟೆ ಬಿಟ್ಟು ಎದ್ದು ಹೋದದ್ದು ಯಾಕೆಂದು ನೀವಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಬಂದು ಕೇಳಿದಿರಿ. ಸುಸ್ತಾಗಿದೆ ಎಂದೆ. ಸುಸ್ತೇನೂ ಆಗಿರಲಿಲ್ಲ. ನನಗೆ ಎದುರಿಗೆ ಕೂತು ಹೇಳಲು ಬರುವುದಿಲ್ಲ ಎನ್ನುವುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ತಾತ ಇದ್ದಷ್ಟು ದಿನ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಬರೆಯುವುದನ್ನು ಮಾತ್ರ ಊರಿನ ಶಾಲೆಯ ಮೇಷ್ಟರು ನನಗೆ ಚೆನ್ನಾಗಿ ಕಲಿಸಿದ್ದರು. ಅದಕ್ಕೇ ಸಿಂಚನಾಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ಅವತ್ತಿನ ಮಾತು ನಿಮಗೆ ನೆನಪಿರಬೇಕು. ನಮ್ಮ ಕಾರಿನ ಕ್ಲಚ್ ಮತ್ತೆ ಕೈಕೊಟ್ಟಿತ್ತು. ನೆಲಮಂಗಲದ ಜಂಕ್ಷನ್ನಿನಲ್ಲಿ ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ ನಿಮ್ಮಪ್ಪ ಒಬ್ಬನೇ ಕಾರು ತಳ್ಳಿಕೊಂಡು ಪಕ್ಕಕ್ಕೆ ತಂದಿದ್ದ. ಇನ್ನು ಈ ಗಾಡಿ ಸಾಕು, ಕರೆಂಟಿನ ಕಾರು ತೆಗೆದುಕೊಳ್ಳೋಣ ಎಂದು ನಿಮ್ಮಮ್ಮ ಹಟ ಹಿಡಿದಿದ್ದಳು.

"ರಾತ್ರಿ ಮನೇಲೇ ಚಾರ್ಜಿಗೆ ಹಾಕಿದ್ರೆ ಬೆಳಿಗ್ಗೆ ಫುಲ್. ಕ್ಲಚ್ಚೇ ಇಲ್ಲ ಅದಕ್ಕೆ, ಇನ್ನು ಹೋಗೋದೆಲ್ಲಿಂದ ಬಂತು?"

"ಕುಣಿಗಲ್ ದಾಟಿದ ಮೇಲೆ ಚಾರ್ಜ್ ಖಾಲಿಯಾದ್ರೆ ಯಾರು ತಳ್ತಾರೆ, ನೀನಾ?"

"ಅಷ್ಟು ಬೇಗ ಖಾಲಿ ಆಗಲ್ಲ ಗುರು," ಎಂದ ತೇಜಸ್.

"ಅಪ್ಪನ್ನ ಗುರು ಅಂತೀಯೇನೋ, ಕತ್ತೆ!" ಎಂದು ನಿಮ್ಮಮ್ಮ ಅವನ ತಲೆಗೆ ಮೊಟಕಿದಳು. ಎಲ್ಲರೂ ನಕ್ಕರು. ಆಗ ನಿಮ್ಮಪ್ಪ ಮುದ್ದೆ ಮುರಿಯುತ್ತಾ ಹೇಳಿದ:

"ಅದಲ್ಲ ಕಣೇ. ಶೋರೂಮಲ್ಲಿ ಡಿಕ್ಕಿ ತೆಗೆದು ತೋರಿಸ್ದ. ಸ್ಟೆಪ್ನಿ ಇಲ್ಲ, ಜಾಕ್ ಇಲ್ಲ, ಒಂದು ಸ್ಪ್ಯಾನರೂ ಇಲ್ಲ. ಏನಾದ್ರೂ ಆದ್ರೆ ಫೋನ್ ಮಾಡಿ ಸರ್, ನಾವೇ ಬರ್ತೀವಿ ಅಂತಾನೆ. ಖಾಲಿ ಡಿಕ್ಕಿ!"

ಆ ಮಾತಿಗೆ ನಾನು ಎದ್ದದ್ದು. ನನ್ನ ಬಾಳಿನಲ್ಲಿ ಒಂದು ಖಾಲಿ ಡಿಕ್ಕಿಯನ್ನು ನಾನು ಆಗಲೇ ನೋಡಿದ್ದೇನೆ. ನೋಡಿದ್ದೇನೆ ಎನ್ನುವುದೂ ಸರಿಯಲ್ಲ. ಅದು ಖಾಲಿ ಎಂದು ತೆಗೆಯುವ ಮೊದಲೇ ನನಗೊಬ್ಬಳಿಗೆ ಗೊತ್ತಿತ್ತು.

ಮಧುರೆ ಹೋಬಳಿಯಲ್ಲಿದ್ದ ನಮ್ಮ ಅಪ್ಪನ ಮನೆಯನ್ನು ನೀವು ಈಗ ನೋಡುವ ಹಾಗೆ ಊಹಿಸಿಕೊಳ್ಳಬೇಡಿ. ಆಗ ಅದು ಉದ್ದನೆಯ ಹೆಂಚಿನ ಮನೆ. ಮುಂದೆ ಜಗುಲಿ, ಆಮೇಲೆ ನಡುಮನೆ, ಅದರ ಬಲಕ್ಕೆ ಕತ್ತಲೆಯ ಸಣ್ಣ ದೇವರ ಕೋಣೆ, ಹಿಂದೆ ಅಡುಗೆಮನೆ. ಎಡಕ್ಕೆ ಅಂಟಿಕೊಂಡಂತೆ ಕೊಟ್ಟಿಗೆ. ಮನೆಯಲ್ಲಿ ನಮ್ಮಜ್ಜಿ, ಅಪ್ಪ, ಅಮ್ಮ, ಅಪ್ಪನ ತಮ್ಮ ಮುನಿರಾಜು ಚಿಕ್ಕಪ್ಪ, ಅವರ ಹೆಂಡತಿ ಜಯಮ್ಮ ಚಿಕ್ಕಮ್ಮ, ಮತ್ತೆ ಹತ್ತು ವರ್ಷದ ನಾನು. ನನ್ನ ತಮ್ಮ ಇನ್ನೂ ಹುಟ್ಟಿರಲಿಲ್ಲ. ದ್ರಾಕ್ಷಿ ಚೆನ್ನಾಗಿ ಬಂದ ವರ್ಷ ಅಪ್ಪ ಬೆಂಗಳೂರಿಗೆ ಹೋದವರು ಯಾರೋ ನಿವೃತ್ತ ಅಧಿಕಾರಿಯ ಹಳೆಯ ಕಪ್ಪು ಕಾರನ್ನು ಓಡಿಸಿಕೊಂಡು ಬಂದರು. ಅದನ್ನು ನಿಲ್ಲಿಸಲು ಬೇರೆ ಜಾಗವಿರಲಿಲ್ಲ. ಕೊಟ್ಟಿಗೆಯ ಅರ್ಧವನ್ನು ಕಾರಿಗೆ ಬಿಟ್ಟು, ಎಮ್ಮೆಯನ್ನು ಹಿತ್ತಲಿಗೆ ದಾಟಿಸಿ, ಎತ್ತುಗಳನ್ನು ಒಂದು ಮೂಲೆಗೆ ಸೇರಿಸಿದರು. ಅಜ್ಜಿಗೆ ಇದನ್ನು ನುಂಗಿಕೊಳ್ಳಲು ಆಗಲೇ ಇಲ್ಲ. ಜಗುಲಿಗೆ ಯಾರು ಬಂದರೂ ಕೇಳುವಂತೆ ಹೇಳುತ್ತಿದ್ದರು:

"ಹಾಲು ಕೊಡೋದನ್ನ ಆಚೆ ಕಟ್ಟಿ, ಹೊಗೆ ಬಿಡೋದನ್ನ ಒಳಗೆ ಕಟ್ಕೊಂಡವ್ನೆ ನನ್ನ ಮಗ!"

ಆ ಕಾರಿಗೆ ಇಲ್ಲದ ರೋಗವಿರಲಿಲ್ಲ. ಎಡಗಡೆಯ ಬಾಗಿಲಿಗೆ ಹಗ್ಗ ಕಟ್ಟಬೇಕಿತ್ತು. ಬಲಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಕೂಗುತ್ತಿತ್ತು. ಬ್ಯಾಟರಿಯಲ್ಲಿ ಶಕ್ತಿಯಿಲ್ಲದೆ ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿ ಚಾಲೂ ಮಾಡಬೇಕಿತ್ತು. ಆದರೆ ನಮ್ಮ ಕೊಟ್ಟಿಗೆಯಿಂದ ರಸ್ತೆಗೆ ಇಳಿಜಾರು ಇದ್ದುದರಿಂದ ಮನೆಯಲ್ಲಿ ಹ್ಯಾಂಡಲ್ಲಿನ ಗೊಡವೆಯೇ ಇರಲಿಲ್ಲ. ಒಂದು ಸಲ ತಳ್ಳಿದರೆ ಇಳಿದುಕೊಂಡು ಹೋಗುತ್ತಲೇ ಚಾಲೂ ಆಗುತ್ತಿತ್ತು. ರೇಡಿಯೇಟರು ಸದಾ ತೊಟ್ಟಿಕ್ಕುತ್ತಿತ್ತು. ಅದಕ್ಕೆ ಎಲ್ಲಿಗೆ ಹೋದರೂ ಒಂದು ಡಬ್ಬ ನೀರು ಜೊತೆಗಿರಬೇಕು, ಆ ಡಬ್ಬ ಹಿಡಿದು ಕೂರಲು ನಾನಿರಬೇಕು. ಅಪ್ಪ ಕಾರಿನ ಕೆಳಗೆ ಮಲಗಿ ಕೈ ಚಾಚಿದಾಗ ಬೇಕಾದ ಸ್ಪ್ಯಾನರನ್ನು ಆ ಕೈಗೆ ಇಡುತ್ತಿದ್ದವಳೂ ನಾನೇ. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗ ನಾನು "ಬಂದಿದೀನಿ ಸಾರ್" ಎನ್ನುತ್ತಿದ್ದುದು ನನಗೇ ಕೇಳುತ್ತಿರಲಿಲ್ಲ. ಒಂದು ತಿಂಗಳು ಗೈರುಹಾಜರಿ ಬಿದ್ದು, ಕೊನೆಗೆ ಮೇಷ್ಟರು ಮನೆಗೆ ಬಂದು "ಗೌಡ್ರೇ, ಹುಡುಗಿಗೆ ಹುಷಾರಿಲ್ವಾ?" ಎಂದು ಕೇಳಿದ್ದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಜಯಮ್ಮ ಚಿಕ್ಕಮ್ಮ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಕಡೆಯಿಂದ ಬಂದವರು. ಇಪ್ಪತ್ತು ದಾಟಿರಲಿಲ್ಲ. ಅಜ್ಜಿಯ ಮುಂದೆ ಅವರೂ ನನ್ನ ಹಾಗೆಯೇ ತಲೆ ತಗ್ಗಿಸುತ್ತಿದ್ದರು, ಅಡುಗೆಮನೆಗೆ ಬಂದ ಕೂಡಲೇ ಬಾಯಿ ತೆರೆದುಕೊಳ್ಳುತ್ತಿತ್ತು. ಅಜ್ಜಿ ಎಲೆಯಡಿಕೆ ಜಗಿಯುತ್ತಾ ಬೈಯುವುದನ್ನು ಹಾಗೆಯೇ ಮಾಡಿ ತೋರಿಸಿ ನನ್ನನ್ನೂ ಅಮ್ಮನನ್ನೂ ನಗಿಸುತ್ತಿದ್ದರು. ನನ್ನ ಮುದ್ದೆಗೆ ಹೆಬ್ಬೆರಳಿನಿಂದ ಗುಳಿ ಮಾಡಿ ಅದರೊಳಗೆ ತುಪ್ಪ ಬಿಟ್ಟು, ಅಜ್ಜಿ ನೋಡದ ಹಾಗೆ ಮೇಲೆ ಸಾರು ಮುಚ್ಚುತ್ತಿದ್ದರು. ಅವರಿಗೆ ಎಂಟು ತಿಂಗಳಾಗಿತ್ತು. ಹಬ್ಬ ಮುಗಿದ ಮಾರನೆಯ ವಾರ ತವರಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಮಗು ಬಂದ ಮೇಲೆ ಜೋಲಿ ತೂಗುವ ಕೆಲಸ ನನ್ನದು ಎಂದು ಚಿಕ್ಕಮ್ಮ ನನ್ನಿಂದ ಭಾಷೆ ತೆಗೆದುಕೊಂಡಿದ್ದರು.

ಅದು ಕಾರು ಬಂದ ಮೇಲಿನ ಮೊದಲ ಆಯುಧಪೂಜೆ. ನಮ್ಮ ಮನೆಯಲ್ಲಿ ಆ ದಿನದ ಕಟ್ಟಳೆ ಬಿಗಿ. ಬೆಳಿಗ್ಗೆ ದೇವರ ಕೋಣೆಯಲ್ಲಿ ಪೂಜೆಗೆ ಇಟ್ಟ ಕುಡುಗೋಲು, ಮಚ್ಚು, ಗುದ್ದಲಿ, ನೇಗಿಲ ಗುಳ, ಯಾವುದನ್ನೂ ಮಾರನೆಯ ದಿನ ವಿಜಯದಶಮಿಯ ಮಂಗಳಾರತಿ ಎತ್ತಿ ಕದಲಿಸುವವರೆಗೆ ಮುಟ್ಟುವಂತಿಲ್ಲ. ಅವತ್ತು ತರಕಾರಿಯನ್ನು ಕೂಡ ಹಿಂದಿನ ದಿನವೇ ಹೆಚ್ಚಿಡುತ್ತಿದ್ದರು, ಈಳಿಗೆಮಣೆಯೂ ಪೂಜೆಗೆ ಹೋಗುತ್ತಿತ್ತು. ಕಾರು ಬೇಡವೆಂದು ವರ್ಷವೆಲ್ಲ ಬೈದಿದ್ದ ಅಜ್ಜಿ ಅವತ್ತು ಮಾತ್ರ ಅದನ್ನು ಬಿಡಲಿಲ್ಲ. "ಮನೇಗೆ ಬಂದ ಮೇಲೆ ಅದೂ ಆಯುಧವೇ. ಅದ್ರ ಸಾಮಾನೆಲ್ಲಾ ಒಳಗೆ ತಂದಿಡು," ಎಂದು ಅಪ್ಪನಿಗೆ ಹೇಳಿದರು. ಅಪ್ಪ ಡಿಕ್ಕಿಯಿಂದ ಸ್ಪ್ಯಾನರಿನ ಪೆಟ್ಟಿಗೆಯನ್ನೂ ಹ್ಯಾಂಡಲನ್ನೂ ತೆಗೆದು ನನಗೆ ಕೊಟ್ಟರು. ನಾನು ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ಬೂದಿಯಲ್ಲಿ ಉಜ್ಜಿ, ಮಣೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟೆ. ಆಮೇಲೆ ಹೂವು ಏರಿಸಲು ಕಾರಿನ ಹತ್ತಿರ ಹೋದಾಗ ತೆರೆದ ಡಿಕ್ಕಿಯ ಒಳಗೆ ಮೊಳೆಗೆ ನೇತು ಹಾಕಿದ್ದ ಹೊಸ ಫ್ಯಾನ್ ಬೆಲ್ಟ್ ಕಾಣಿಸಿತು. ದೊಡ್ಡಬಳ್ಳಾಪುರದ ಮೆಕ್ಯಾನಿಕ್ಕು ಅದನ್ನು ಕೊಡುವಾಗ ಹೇಳಿದ್ದನ್ನು ನಾನೇ ಕೇಳಿದ್ದೆ:

"ಇದು ಡಿಕ್ಕಿ ಬಿಟ್ಟು ಎಲ್ಲಿಗೂ ಹೋಗ್ಬಾರ್ದು ಗೌಡ್ರೇ. ಹಳೇದು ಇವತ್ತೋ ನಾಳೆಯೋ ಅಂತೈತೆ."

ಎಲ್ಲ ಸಾಮಾನಿಗೂ ಪೂಜೆಯಾಗಿ ಇದೊಂದೇ ಕತ್ತಲೆಯಲ್ಲಿ ಉಳಿಯುತ್ತದಲ್ಲ ಎಂದು ನನಗೆ ಮರುಕವಾಯಿತು. ಯಾರನ್ನೂ ಕೇಳದೆ ಅದನ್ನು ತೆಗೆದುಕೊಂಡು ಹೋಗಿ ಸ್ಪ್ಯಾನರಿನ ಪೆಟ್ಟಿಗೆಗೆ ಹಾರದ ಹಾಗೆ ಹಾಕಿ, ಅದಕ್ಕೂ ಕುಂಕುಮ ಹಚ್ಚಿ, ಮೇಲೆ ಒಂದು ಚೆಂಡುಹೂವು ಇಟ್ಟೆ. ನೋಡಲು ಚೆನ್ನಾಗಿತ್ತು. ಅಪ್ಪ ಕೊಟ್ಟದ್ದು ಪೆಟ್ಟಿಗೆ ಮತ್ತು ಹ್ಯಾಂಡಲ್ ಮಾತ್ರ. ಬೆಲ್ಟ್ ತಂದವಳು ನಾನು. ಇದನ್ನು ಮತ್ತೊಮ್ಮೆ ಓದಿಕೊಳ್ಳಿ. ಇಷ್ಟು ವರ್ಷಗಳಲ್ಲಿ ಇದನ್ನು ನಾನು ಬರೆದೂ ಇಲ್ಲ, ಹೇಳಿಯೂ ಇಲ್ಲ.

ಪೂಜೆ ಮುಗಿಯಿತು. ಕಾರಿನ ಮುಂದೆ ಬೂದುಗುಂಬಳ ಒಡೆದರು. ನಡುಮನೆಯಲ್ಲಿ ಗಂಡಸರ ಊಟಕ್ಕೆ ಎಲೆ ಹಾಕಿ, ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಚಿಕ್ಕಮ್ಮ ಇದ್ದಕ್ಕಿದ್ದ ಹಾಗೆ ಕಂಬ ಹಿಡಿದು ನಿಂತುಬಿಟ್ಟರು. ತುಪ್ಪದ ಗಿಂಡಿ ಅಪ್ಪನ ಎಲೆಯ ಮುಂದೆಯೇ ಉರುಳಿತು. ಅಜ್ಜಿ ಬೈಯಲು ಬಾಯಿ ತೆರೆದವರು ಚಿಕ್ಕಮ್ಮನ ಮುಖ ನೋಡಿ, ಎದ್ದು ಬಂದು ಅವರ ತೋಳು ಹಿಡಿದರು. ಅಮ್ಮ ಓಡಿಹೋಗಿ ಸೂಲಗಿತ್ತಿ ಮುನಿಯಮ್ಮನನ್ನು ಕರೆತಂದಳು. ಹೆಂಗಸರು ಬಾಗಿಲು ಹಾಕಿಕೊಂಡರು. ಗಂಡಸರು ಅರ್ಧ ಉಂಡ ಎಲೆಯ ಮುಂದೆ ಎದ್ದೂ ಏಳದೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಮುನಿಯಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಮಗು ಅಡ್ಡ ತಿರುಗೈತೆ. ಇದು ನನ್ನ ಕೈಲಾಗೋದಲ್ಲ. ಈಗಿಂದೀಗ ದೊಡ್ಡಬಳ್ಳಾಪುರಕ್ಕೆ, ಡಾಕ್ಟ್ರಮ್ಮನ ಹತ್ರ. ಹೊತ್ತು ಮಾಡಿದ್ರೆ ಇಬ್ರೂ ಉಳಿಯಲ್ಲ, ಹೇಳಿವ್ನಿ."

"ಅಣ್ಣ, ಕಾರು ತೆಗಿ," ಎಂದು ಚಿಕ್ಕಪ್ಪ ಎದ್ದರು.

"ಪೂಜೆಗೆ ಕೂತಿರೋ ಗಾಡಿ ಕಣೋ!" ಎಂದು ಅಜ್ಜಿ ಅಡ್ಡ ನಿಂತರು. "ನಾಳೆ ಮಂಗಳಾರತಿ ಆಗೋವರ್ಗೂ ಚಕ್ರ ತಿರುಗಂಗಿಲ್ಲ. ಎತ್ತಿನ ಗಾಡಿ ಕಟ್ಟು."

"ಅದೂ ಪೂಜೆಗೇ ಕೂತೈತಲ್ಲವ್ವ! ನನ್ನ ಹೆಂಡ್ತಿನ ಹೊತ್ಕೊಂಡೋಗ್ಲಾ?"

"ಅವ್ವ, ದಾರಿ ಬಿಡು. ಜೀವ ಹೋಗ್ತದೆ," ಎಂದರು ಅಪ್ಪ. ಅಪ್ಪ ಅಜ್ಜಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಳಗಿನಿಂದ ಚಿಕ್ಕಮ್ಮನ ಕೂಗು ಕೇಳಿಸಿತು. ಅಜ್ಜಿ ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ನೀರು ಚಿಮುಕಿಸಿ, ತಪ್ಪಾಯಿತು ತಾಯಿ ಎಂದು ಕೆನ್ನೆ ಬಡಿದುಕೊಂಡು, "ನಡೀರಿ, ನಾನೂ ಬತ್ತೀನಿ," ಎಂದರು. ಹೊರಡುವ ಮೊದಲು ದೇವರ ಕೋಣೆಗೆ ಪುರುಡಿನ ಮೈಲಿಗೆ ತಗಲಬಾರದೆಂದು ಬಾಗಿಲೆಳೆದು ಚಿಲಕ ಹಾಕಿದರು. ಆ ಚಿಲಕ ಬಿದ್ದ ಸದ್ದಿಗೇ ನನಗೆ ಹೊಳೆಯಿತು. ಸ್ಪ್ಯಾನರು, ಹ್ಯಾಂಡಲ್, ಬೆಲ್ಟ್, ಎಲ್ಲ ಆ ಬಾಗಿಲ ಹಿಂದೆ ಇವೆ. ಅಪ್ಪನಿಗೆ ಅದು ಹೊಳೆದಿಲ್ಲ. ವರ್ಷವೆಲ್ಲ ಆ ಪೆಟ್ಟಿಗೆ ಡಿಕ್ಕಿ ಬಿಟ್ಟು ಕದಲಿದ್ದಿಲ್ಲ, ಇಲ್ಲದಿರಬಹುದು ಎಂಬ ಯೋಚನೆ ಆ ಗಾಬರಿಯಲ್ಲಿ ಅವರಿಗೆ ಬರುವುದಾದರೂ ಹೇಗೆ? ಚಿಕ್ಕಪ್ಪ ಕಾರಿನ ಮುಂದೆ ಕಟ್ಟಿದ್ದ ಬಾಳೆಗಿಡಗಳನ್ನು ಕಿತ್ತೆಸೆಯುತ್ತಿದ್ದರು. ಚಿಕ್ಕಮ್ಮನನ್ನು ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿಸಿದರು. ನಾನು ಹೋಗಿ ಅಪ್ಪನ ಪಂಚೆಯ ಚುಂಗು ಹಿಡಿದೆ.

"ಅಪ್ಪಾ..."

"ಏನೇ?"

"ಡಿಕ್ಕೀಲಿ..."

"ನೀರಿನ ಡಬ್ಬ ತುಂಬಿದ್ಯಾ?"

ತಲೆಯಾಡಿಸಿದೆ. ಡಬ್ಬ ನನ್ನ ಕೈಯಲ್ಲೇ ಇತ್ತು.

"ಮತ್ತೆ ನಿಂತಿದೀಯಲ್ಲ, ಹತ್ತು ಬೇಗ!"

ಹತ್ತಿದೆ. ಹೇಳಿದರೆ ಏನಾಗುತ್ತಿತ್ತು? ಅಜ್ಜಿ ಮತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಪೂಜೆಗಿಟ್ಟದ್ದನ್ನು ತೆಗೆಯುವುದೇ ಎಂದು ಮತ್ತೊಂದು ಜಗಳ. ಬೆಲ್ಟನ್ನು ತಂದವರು ಯಾರು ಎಂದು ಕೇಳುತ್ತಿದ್ದರು. ಅಷ್ಟೆಲ್ಲ ಜನರ ನಡುವೆ ಎಲ್ಲರೂ ನನ್ನತ್ತ ತಿರುಗುತ್ತಿದ್ದರು. ನನಗೆ ಹೆದರಿಕೆಯಾದದ್ದು ಆ ಕೊನೆಯದಕ್ಕೇ. ಅಜ್ಜಿಯ ಬೈಗುಳಕ್ಕಲ್ಲ.

ಮುಂದಿನ ಸೀಟಿನಲ್ಲಿ ಅಪ್ಪ ಮತ್ತು ಚಿಕ್ಕಪ್ಪನ ನಡುವೆ ಡಬ್ಬ ಹಿಡಿದು ಕೂತೆ. ಕಾರು ಇಳಿಜಾರಿನಲ್ಲಿ ಚಾಲೂ ಆಯಿತು. ಊರಿನ ಬೀದಿಯಲ್ಲಿ ತೊಳೆದು ಬಣ್ಣ ಬಳಿದ ಎತ್ತಿನ ಗಾಡಿಗಳೆಲ್ಲ ನೊಗ ಕಟ್ಟುವ ಮೂಕಿಯನ್ನು ನೆಲಕ್ಕೆ ಊರಿ ನಿಂತಿದ್ದವು. ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಎಷ್ಟೋ ಸಲ ದೊಡ್ಡಬಳ್ಳಾಪುರಕ್ಕೆ ಹೋಗಿ ಬಂದಿದ್ದೇವೆ, ಎಲ್ಲ ಸಲವೂ ಕೆಟ್ಟು ನಿಂತಿಲ್ಲ, ಇವತ್ತೂ ನಿಲ್ಲುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪ್ರತಿ ಗುಂಡಿಗೂ ಹಿಂದಿನಿಂದ ಚಿಕ್ಕಮ್ಮ ಹಲ್ಲು ಕಚ್ಚಿ ನರಳುವುದು ಕೇಳುತ್ತಿತ್ತು. ಅಜ್ಜಿ "ಆಯ್ತು ಕಣವ್ವ, ಬಂದೇ ಬುಡ್ತು, ಬಂದೇ ಬುಡ್ತು" ಎನ್ನುತ್ತಿದ್ದರು. ಅಷ್ಟು ಮೆತ್ತಗಿನ ದನಿ ಅಜ್ಜಿಯಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅರ್ಧ ದಾರಿ ಕಳೆದಿರಬೇಕು. ಬಾನೆಟ್ಟಿನ ಒಳಗೆ ಪಟ್ಟೆಂದು ಒಂದು ಸದ್ದು, ಆಮೇಲೆ ಯಾರೋ ಚಾಟಿ ಬೀಸಿದಂತೆ ಪಟಪಟ. ಅಪ್ಪನ ಮುಂದೆ ಕೆಂಪು ದೀಪ ಹೊತ್ತಿಕೊಂಡಿತು. ಅಪ್ಪ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ ಇಳಿದು ನೋಡಿದರು.

"ಬೆಲ್ಟು, ಅಷ್ಟೇ. ಹೆದರ್ಬೇಡ ಮುನಿರಾಜು. ಹೊಸದು ಡಿಕ್ಕೀಲೇ ಐತೆ, ಹತ್ತು ನಿಮಿಷದ ಕೆಲಸ."

ಅವರ ದನಿಯಲ್ಲಿ ನಿಜವಾಗಿ ನೆಮ್ಮದಿ ಇತ್ತು. ನಾನು ಮುಂದೆಯೇ ಕೂತಿದ್ದೆ. ಅಪ್ಪನ ಚಪ್ಪಲಿಯ ಸದ್ದು ಕಾರಿನ ಪಕ್ಕದಲ್ಲಿ ಹಿಂದಕ್ಕೆ ಹೋಯಿತು. ಡಿಕ್ಕಿಯ ಮುಚ್ಚಳ ಕಿರ್ರೆಂದು ಎದ್ದಿತು. ಆಮೇಲೆ ಖಾಲಿ ತಗಡಿನ ಮೇಲೆ ಕೈ ತಡಕಾಡುವ ಸದ್ದು ಬಂತು.

"ಏನಣ್ಣ?" ಎಂದು ಚಿಕ್ಕಪ್ಪ ಹಿಂದೆ ಹೋದರು. ಮತ್ತೆ ಅವರ ದನಿಯೇ ಕೇಳಿಸಿತು:

"ಪೂಜೆಗೆ ಕೂತವೆ ಎಲ್ಲಾ. ಅಯ್ಯೋ ಅಣ್ಣ, ಎಲ್ಲಾ ಪೂಜೆಗೆ ಕೂತವೆ."

ಆ ಬೆಲ್ಟು ಎಂಜಿನ್ನನ್ನು ತಣ್ಣಗಿಡುವುದಕ್ಕೆ. ಅದಿಲ್ಲದಿದ್ದರೆ ಸ್ವಲ್ಪ ದೂರ ಓಡುವಷ್ಟರಲ್ಲಿ ನೀರು ಕುದಿಯುತ್ತದೆ. ಚಿಕ್ಕಪ್ಪ ಹಬ್ಬಕ್ಕೆ ಹೊದ್ದಿದ್ದ ಹೊಸ ವಸ್ತ್ರವನ್ನು ಹರಿದು, ಹಗ್ಗದ ಹಾಗೆ ಹೊಸೆದು, ಬೆಲ್ಟಿನ ಜಾಗಕ್ಕೆ ಬಿಗಿದು ಗಂಟು ಹಾಕಿದರು. ಚಾಲೂ ಮಾಡಲು ಹ್ಯಾಂಡಲಿಲ್ಲ, ರಸ್ತೆ ಸಮತಟ್ಟು. ಚಿಕ್ಕಪ್ಪ ತಳ್ಳಿದರು, ನಾನು ತಳ್ಳಿದೆ. ಕದಲಲಿಲ್ಲ. ಆಗ ಅಜ್ಜಿ ಚಿಕ್ಕಮ್ಮನ ತಲೆಯನ್ನು ಸೀಟಿನ ಮೇಲಿಟ್ಟು, ಹಬ್ಬದ ರೇಷ್ಮೆ ಸೀರೆಯನ್ನು ಕಚ್ಚೆ ಹಾಕಿಕೊಂಡು ಇಳಿದು ಬಂದು ನಮ್ಮ ಜೊತೆ ಹೆಗಲು ಕೊಟ್ಟರು. ಕಾರು ಹೊರಟಿತು. ಒಂದು ಮೈಲಿಯೂ ಹೋಗಿರಲಿಲ್ಲ, ಬಟ್ಟೆ ಸುಟ್ಟ ವಾಸನೆ ಬಂತು, ಕಟ್ಟು ಹರಿಯಿತು. ಅಲ್ಲಿಂದ ಮುಂದಕ್ಕೆ ಓಡಿಸುವುದು, ಹಬೆ ಏಳುತ್ತಲೇ ನಿಲ್ಲಿಸುವುದು, ಆರುವವರೆಗೆ ಕಾಯುವುದು, ನೀರು ಸುರಿಯುವುದು, ಮತ್ತೆ ತಳ್ಳುವುದು. ಎರಡನೆಯ ಸಲಕ್ಕೆ ನನ್ನ ಡಬ್ಬ ಬರಿದಾಯಿತು. ರಸ್ತೆಯ ಪಕ್ಕದ ಒಂಟಿ ಮನೆಗೆ ಓಡು ಎಂದರು ಅಪ್ಪ. ಓಡಿದೆ. ಬಾಗಿಲಲ್ಲಿ ನಿಂತೆ. ಒಳಗೆ ಜನ ಉಣ್ಣುತ್ತಾ ನಗುತ್ತಿದ್ದರು. ನೀರು ಬೇಕು ಎನ್ನುವ ಎರಡು ಪದ ನನ್ನ ಗಂಟಲಿನಿಂದ ಹೊರಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಕೈ ತೊಳೆಯಲು ಹೊರಗೆ ಬಂದ ಹೆಂಗಸು "ಯಾರವ್ವ ನೀನು? ಯಾಕವ್ವ ಅಳ್ತಿದೀಯ?" ಎಂದು ಡಬ್ಬ ನೋಡಿ, ರಸ್ತೆಯಲ್ಲಿ ಬಾನೆಟ್ ತೆರೆದಿದ್ದ ಕಾರು ನೋಡಿ, ತಾನೇ ತುಂಬಿಕೊಟ್ಟಳು. ಅವಳ ಗಂಡನೂ ಮೈದುನನೂ ಎಂಜಲು ಕೈಯಲ್ಲೇ ಓಡಿ ಬಂದು ಕಾರು ತಳ್ಳಿದರು.

ದೊಡ್ಡಬಳ್ಳಾಪುರ ಮುಟ್ಟುವಾಗ ಹೊತ್ತು ಇಳಿದಿತ್ತು. ಚಿಕ್ಕಮ್ಮ ಆಗ ನರಳುತ್ತಲೂ ಇರಲಿಲ್ಲ. ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಅಪ್ಪನ ಕೈಯೆಲ್ಲ ಬೊಬ್ಬೆ, ರೇಡಿಯೇಟರಿನ ಮುಚ್ಚಳ ತೆಗೆದು ಸುಟ್ಟದ್ದು. ಬಹಳ ಹೊತ್ತಾದ ಮೇಲೆ ಡಾಕ್ಟರಮ್ಮ ಬಂದು ತಾಯಿ ಉಳಿದಿದ್ದಾಳೆ ಎಂದರು. ಮಗುವಿನ ಮಾತು ಎತ್ತಲಿಲ್ಲ. ಅಪ್ಪ ಕೇಳಲಿಲ್ಲ. ಡಾಕ್ಟರಮ್ಮನೇ ಕೇಳಿದರು:

"ನೋವು ಶುರುವಾಗಿದ್ದು ಯಾವಾಗ?"

"ಮಧ್ಯಾಹ್ನ ಊಟದ ಹೊತ್ಗೆ ಅಮ್ಮಾವ್ರೇ."

"ಕಾರಲ್ಲೇ ಬಂದ್ರಿ ಅಲ್ವಾ?"

"ಹೌದು."

"ಕಾರಿದ್ದೂ ಇಷ್ಟು ಹೊತ್ತಾ?"

ಅಪ್ಪ ತಮ್ಮ ಸುಟ್ಟ ಅಂಗೈಗಳನ್ನು ನೋಡುತ್ತಾ ನಿಂತಿದ್ದರು. ಹೋದದ್ದು ಹೆಣ್ಣು ಮಗು. ನೋಡಲು ನನ್ನನ್ನು ಬಿಡಲಿಲ್ಲ. ಚಿಕ್ಕಮ್ಮನಿಗೆ ಆಮೇಲೆ ಮಕ್ಕಳಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ನನ್ನನ್ನು ಕರೆದುಕೊಂಡು ಊರಿಗೆ ಬಂದು ದೇವರ ಕೋಣೆಯ ಚಿಲಕ ತೆಗೆದರು. ನಾನು ಅವರ ಹಿಂದೆ ನಿಂತಿದ್ದೆ. ಪೆಟ್ಟಿಗೆಯ ಮೇಲಿನ ಬೆಲ್ಟನ್ನು ಎತ್ತಿಕೊಂಡು ಅದರ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸುತ್ತಾ ತಮ್ಮಷ್ಟಕ್ಕೆ ಹೇಳಿಕೊಂಡರು: "ಇದನ್ನೂ ತಂದಿಟ್ಟಿದ್ನಾ ನಾನು? ನನ್ನ ಬುದ್ಧಿಗೆ ಏನಾಗಿತ್ತು?" ಆಗ ಒಂದು ಮಾತು ಹೇಳಬೇಕಿತ್ತು. ಅಮ್ಮ ಹಿತ್ತಲಲ್ಲಿದ್ದಳು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ತಿರುಗಿ ನೋಡಲು ಜನವೂ ಇರಲಿಲ್ಲ. ಆದರೂ ಹೇಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಊಟದ ಹೊತ್ತು ಬಂದರೆ ಹೆದರಿಕೆಯಾಗುತ್ತಿತ್ತು. ತಟ್ಟೆ ಮುಂದೆ ಕೂತ ಕೂಡಲೇ ಚಿಕ್ಕಪ್ಪ ಶುರು ಮಾಡುತ್ತಿದ್ದರು.

"ಪೆಟ್ಟಿಗೆ ಸರಿ. ಬೆಲ್ಟಿಗೆ ಪೂಜೆ ಮಾಡೋರು ಯಾವೂರಲ್ಲಾದ್ರೂ ಅವ್ರಾ ಅಣ್ಣ? ಡಿಕ್ಕೀಲಿ ಅದೊಂದಿದ್ದಿದ್ರೆ ಸ್ಪ್ಯಾನರ್ ಇಲ್ದಿದ್ರೂ ಹೆಂಗಾದ್ರೂ ಬಿಗೀತಿದ್ವಿ."

"ಮರೆವು ಕಣೋ. ಎಷ್ಟು ಸಲ ಹೇಳ್ಲಿ?"

"ನಿನ್ನ ಮರೆವಿಗೆ ನನ್ನ ಮಗು ಹೋಯ್ತಲ್ಲ."

ಅಜ್ಜಿ ನಡುವೆ ಬಾಯಿ ಹಾಕಿ, ಪೂಜೆಗೆ ಕೂತ ಗಾಡಿ ಕದಲಿಸಿದ್ದಕ್ಕೇ ಹೀಗಾಯಿತು ಎನ್ನುತ್ತಿದ್ದರು. ಚಿಕ್ಕಪ್ಪ, ಪೂಜೆಯೆಂದು ಸಾಮಾನು ಕಿತ್ತುಕೊಂಡದ್ದೇ ನೀನು ಎಂದು ಅವರ ಮೇಲೂ ತಿರುಗುತ್ತಿದ್ದರು. ಮೂವರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದಾಗ ನಾನು ಮುದ್ದೆ ನುಂಗುತ್ತಾ ಅಲ್ಲೇ ಕೂತಿರುತ್ತಿದ್ದೆ. ಮುಂದಿನ ಯುಗಾದಿಯ ಹೊತ್ತಿಗೆ ಒಲೆ ಎರಡಾಯಿತು. ನಡುಮನೆಗೆ ಅಡ್ಡಗೋಡೆ ಬಂತು. ಕಾರನ್ನು ಯಾರಿಗೋ ಕೊಟ್ಟರು. ಎಮ್ಮೆ ಮತ್ತೆ ಕೊಟ್ಟಿಗೆಗೆ ಬಂತು. ಅಪ್ಪ ಸಾಯುವವರೆಗೂ ತನ್ನ ಮರೆವಿನಿಂದ ತಮ್ಮನ ಮಗು ಹೋಯಿತು ಎಂದೇ ನಂಬಿದ್ದರು. ಮರೆವು ಜಾಸ್ತಿಯಾಯಿತು ಎಂದು ಹೆದರಿ ಕೊನೆಕೊನೆಗೆ ಎಲ್ಲ ಬೀಗಗಳನ್ನೂ ಎರಡೆರಡು ಸಲ ಎಳೆದು ನೋಡುತ್ತಿದ್ದರು. ಅವರಿಗೆ ಮರೆವೇ ಇರಲಿಲ್ಲ.

ನಿಮ್ಮಪ್ಪ ಹುಟ್ಟಿದಾಗ ನಾನು ಬಾಣಂತನಕ್ಕೆ ಅದೇ ಮನೆಗೆ ಬಂದೆ. ಅಮ್ಮನಿಗೆ ಆಗ ಮೊಣಕಾಲು ನೋವು. ಗೋಡೆಯ ಆ ಕಡೆಯಿಂದ ಜಯಮ್ಮ ಚಿಕ್ಕಮ್ಮ ಯಾರನ್ನೂ ಕೇಳದೆ ಬಂದು ಮಗುವಿಗೆ ಎರೆಯಲು ಕೂತರು. ಅಣ್ಣತಮ್ಮಂದಿರು ಮಾತಾಡುತ್ತಿರಲಿಲ್ಲ, ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ದಿನ ನಿಮ್ಮಪ್ಪನನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ, ನನ್ನ ಕಡೆ ನೋಡದೆ ಕೇಳಿದರು:

"ಗಂಗೂ, ಅವತ್ತು ಕಾರು ಹತ್ತೋಕೆ ಮುಂಚೆ ನಿಮ್ಮಪ್ಪನ ಪಂಚೆ ಹಿಡ್ಕೊಂಡು ಏನೋ ಹೇಳಕ್ಕೋದೆ. ನಾನು ಹಿಂದಿನ ಸೀಟಲ್ಲಿ ಮಲಗಿದ್ದೋಳು ನೋಡ್ದೆ. ಏನೇ ಅದು?"

ಅವರ ಕಾಲಿನ ಮೇಲೆ ನನ್ನ ಮಗು ಕೈಕಾಲು ಬಡಿಯುತ್ತಿತ್ತು.

"ನೆನಪಿಲ್ಲ ಚಿಕ್ಕಮ್ಮ," ಎಂದೆ.

"ಹೌದಾ," ಎಂದರು. ಮಗುವಿನ ಅಂಗಾಲಿಗೆ ಎಣ್ಣೆ ಹಚ್ಚುವುದನ್ನು ಮುಂದುವರಿಸಿದರು. ಮತ್ತೆಂದೂ ಕೇಳಲಿಲ್ಲ. ಹತ್ತು ವರ್ಷದ ಹುಡುಗಿ ಜನರಿಗೆ ಹೆದರಿ ಸುಮ್ಮನಿದ್ದಳು ಎಂದರೆ ಯಾರಾದರೂ ಒಪ್ಪಿಯಾರು. ಮಗು ಹೆತ್ತ ಹೆಂಗಸು, ಮಗು ಕಳೆದುಕೊಂಡವಳು ಎದುರಿಗೆ ಕೂತು ಕೇಳಿದಾಗ ಸುಳ್ಳು ಹೇಳಿದ್ದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಈಗ ಹೇಳುತ್ತೇನೆ. ನಿಮ್ಮಪ್ಪ ಯಾವ ಕಾರನ್ನಾದರೂ ತೆಗೆದುಕೊಳ್ಳಲಿ. ಕರೆಂಟಿನದು ದಾರಿಯಲ್ಲಿ ನಿಂತರೆ ಏನು ಮಾಡುವುದೆಂದು ನನಗೂ ಭಯವೇ. ಫೋನ್ ಮಾಡಿದರೆ ಬರುತ್ತೇವೆ ಎನ್ನುವವರನ್ನು ಎಷ್ಟು ನಂಬುವುದೋ ನನಗೆ ತಿಳಿಯದು. ಆದರೆ ಡಿಕ್ಕಿ ಖಾಲಿ ಎನ್ನುವುದನ್ನು ಅವನು ಕೊಳ್ಳುವ ಮೊದಲೇ, ಎಲ್ಲರೂ ಉಣ್ಣುತ್ತಿರುವಾಗ ಗಟ್ಟಿಯಾಗಿ ಹೇಳಿದ. ಅಷ್ಟನ್ನು ಅವನು ನನಗಿಂತ ಚೆನ್ನಾಗಿ ಮಾಡಿದ. ಸೋಮವಾರ ಅವನ ಹತ್ತಿರ ಹೋಗಿ ನನ್ನನ್ನು ಊರಿಗೆ, ಚಿಕ್ಕಮ್ಮನ ಹತ್ತಿರ ಕರೆದುಕೊಂಡು ಹೋಗು ಎಂದೆ. ಚಿಕ್ಕಪ್ಪ ತೀರಿದ ಮೇಲೆ ನನ್ನ ತಮ್ಮ ಅಡ್ಡಗೋಡೆ ಒಡೆಸಿ ಚಿಕ್ಕಮ್ಮನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಾನೆ, ನಿಮಗೆ ಗೊತ್ತಲ್ಲ.

"ಕ್ಲಚ್ ಮಾಡಿಸ್ಕೊಂಡು ಮುಂದಿನ ವಾರ ಹೋಗೋಣ ಬಿಡಮ್ಮ," ಎಂದ ನಿಮ್ಮಪ್ಪ. "ಏನಂಥ ಅರ್ಜೆಂಟು?"

"ಬೇಡ, ಬಸ್ಸಲ್ಲಿ ಹೋಗ್ತೀನಿ. ಈ ಭಾನುವಾರವೇ."

ಅವನು ನನ್ನ ಮುಖವನ್ನೇ ನೋಡಿದ. ನಾನು ಹಾಗೆ ಎದುರು ಹೇಳಿದ್ದು ಅವನಿಗೆ ಹೊಸದು. ಭಾನುವಾರ ನೀವಿಬ್ಬರೂ ನನ್ನ ಜೊತೆ ಬರಬೇಕು. ಚಿಕ್ಕಮ್ಮನ ಮುಂದೆ ಕೂತಾಗ ನನಗೆ ಧೈರ್ಯ ಬರುತ್ತದೆ ಎಂದೇ ಅಂದುಕೊಂಡಿದ್ದೇನೆ. ಬರದಿದ್ದರೆ, ಹೇಗಿದೀರಿ, ಊಟ ಆಯ್ತಾ ಎಂದಷ್ಟೇ ಕೇಳಿ ಎದ್ದುಬಿಟ್ಟರೆ, ನನ್ನನ್ನು ಕೂರಿಸಿ ಚಿಕ್ಕಮ್ಮನಿಗೆ ಇದನ್ನು ಓದಿ ಹೇಳಿ. ಅವರಿಗೆ ಓದು ಬರುವುದಿಲ್ಲ, ಕಿವಿಯೂ ಈಗ ಮಂದ. ಬೆಲ್ಟ್ ತಂದವಳು ನಾನು ಎಂದು ಬರೆದ ಕಡೆ ದನಿ ತಗ್ಗಿಸಬೇಡಿ. ಅವರು ಬೈದರೆ ಬೈಯಲಿ, ಎದ್ದು ಒಳಗೆ ಹೋದರೆ ಹೋಗಲಿ, ನೀವು ಕೊನೆಯವರೆಗೂ ಓದಬೇಕು. ಭಾನುವಾರದವರೆಗೆ ಈ ಹಾಳೆಗಳನ್ನು ನನ್ನ ಕೈಗೆ ಕೊಡಬೇಡಿ. ನಾನು ಕೇಳಿದರೂ ಕೊಡಬೇಡಿ, ಹರಿದುಹಾಕಿಬಿಟ್ಟೇನು. ನಿಮ್ಮ ಶಾಲೆಯ ಚೀಲದಲ್ಲಿ ಜೋಪಾನವಾಗಿರಲಿ.